ಹೆರಿಗೆ ಕೋಣೆಯ ಏಟು

ಹೋದ ವಾರ ನಾನು ನಮ್ಮ ಸಿಸ್ಟರ್ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಪ್ರೀತಿಯಿಂದಲ್ಲ. ಆ ಕೈ ಬಸುರಿ ಹುಡುಗಿಯೊಬ್ಬಳಿಗೆ ಇನ್ನೊಂದು ಏಟು ಕೊಡಲು ಮೇಲೆದ್ದಿತ್ತು.

ಹೊಸ ಓದುಗರಿಗೆ ಹೇಳಿಬಿಡುತ್ತೇನೆ. ನಾನು ಕುಂದಗೋಳ ಸೀಮೆಯ ಒಂದು ಸಣ್ಣ ದವಾಖಾನೆಯಲ್ಲಿ ಲೇಡಿ ಡಾಕ್ಟರ್, ಎಲ್ಲರ ಬಾಯಲ್ಲಿ 'ಬಾಯಾರು'. (ಊರಿನ ಹೆಸರು ಬೇಡ. ನಾಳೆ ಬೆಳಿಗ್ಗೆ ನಾನು ಅಲ್ಲಿಗೇ ಡ್ಯೂಟಿಗೆ ಹೋಗಬೇಕು.) ಆ ಸಿಸ್ಟರ್ ಅಂದರೆ ಸುಶೀಲಕ್ಕ, ಇಪ್ಪತ್ತು ವರ್ಷದಿಂದ ಇಲ್ಲೇ ಇರುವ ನಮ್ಮ ಹಿರಿಯ ನರ್ಸ್. ನಾನು ಬಂದ ಹೊಸದರಲ್ಲಿ ಜ್ವರ ಹಿಡಿದು ಮಲಗಿದಾಗ ಗಂಜಿ ಕಾಯಿಸಿ ಕುಡಿಸಿದವರು. ಇವತ್ತಿಗೂ ಮಧ್ಯಾಹ್ನ ನನ್ನ ಪಾಲಿನ ರೊಟ್ಟಿ ಅವರ ಡಬ್ಬಿಯಲ್ಲೇ ಬರುತ್ತದೆ. ಹೆರಿಗೆ ಕೋಣೆಯಲ್ಲಿ ಮಾತ್ರ ಅವರ ಬಾಯಿ ಬಹಳ ಬಿರುಸು. ಬೈಗುಳ ಕೇಳಿದ್ದೆ, ಬ್ಯಾಡ್ರಿ ಅಂತಲೂ ಅಂದಿದ್ದೆ. ಏಟು ಕಂಡದ್ದು ಆವತ್ತೇ.

ಯರಗುಪ್ಪಿಯ ಶಾಂತವ್ವನಿಗೆ ಅದು ಚೊಚ್ಚಲ ಹೆರಿಗೆ. ನೋವು ತಡೆಯಲಾರದೆ ಚೀರಿದಳು.

"ಬಾಯಿ ಮುಚ್ಚ ಬೇ! ಊರಾಗ ನೀ ಒಬ್ಬಾಕಿನ ಹಡಿಯಾಕತ್ತೀಯೇನು?" ಅನ್ನುತ್ತ ಸುಶೀಲಕ್ಕ ಅವಳ ತೊಡೆಗೆ ಬಾರಿಸಿದರು. ಹುಡುಗಿ ಚೀರುವುದನ್ನೇ ನಿಲ್ಲಿಸಿಬಿಟ್ಟಳು. ಅಳುವುದಕ್ಕೂ ಹೆದರಿದ ಮುಖ. ಸುಶೀಲಕ್ಕನ ಕೈ ಮತ್ತೆ ಎದ್ದಿತು.

ಕೈಯೇನೋ ಹಿಡಿದೆ. ಮುಂದೆ? ನೋವು ತಿನ್ನುತ್ತಿರುವವಳ ಎದುರು ಜಗಳ ಆಡಲೇ? "ಅಕ್ಕಾ, ಆಕಿ ಸೊಂಟ ತಿಕ್ಕರಿ" ಅಂದು ಆ ಕೈಯನ್ನು ಶಾಂತವ್ವನ ಬೆನ್ನಿಗೆ ಇಟ್ಟೆ. ಸುಶೀಲಕ್ಕ ತಿಕ್ಕಿದರು. ಸಂಜೆಯೊಳಗೆ ಹೆಣ್ಣು ಕೂಸು ಹುಟ್ಟಿತು.

ಮರುದಿನ ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಹೇಳಿದೆ. "ಅಕ್ಕಾ, ಇನ್ನ ಮ್ಯಾಲೆ ಯಾರಿಗೂ ಹೊಡಿಬ್ಯಾಡ್ರಿ."

"ಸಿಟ್ಟಿಲೆ ಹೊಡಿಯೂದಿಲ್ರಿ ಬಾಯಾರ. ಹೆದರಿಸಿದ್ರ ಜೋರ್ ಹಾಕ್ತಾರ. ಕೂಸಿನ ಸಲುವಾಗಿ ಹೊಡೀತೀನಿ."

"ಕೂಸಿನ ಸಲುವಾಗಿ ಅದರ ಅವ್ವಗ ಹೊಡಿಯೂದೇನ್ರಿ?"

ಅವರ ಮುಖ ಸಣ್ಣದಾಯಿತು. "ಮ್ಯಾಲಿನವರಿಗೆ ಬರೀತೀರೇನು?"

"ಇನ್ನೊಮ್ಮೆ ಹೊಡದ್ರ ಬರೀತೀನ್ರಿ. ಈಗ ನಿಮಗ ಹೇಳಾಕತ್ತೀನಿ."

ಸುಶೀಲಕ್ಕ ಅರ್ಧ ಊಟಕ್ಕೇ ಎದ್ದರು. ಆಮೇಲೆ ಊಟದ ಹೊತ್ತಿಗೆ ಸರಿಯಾಗಿ ಸ್ಟೋವ್ ಹಚ್ಚಿ ಸಿರಿಂಜ್ ಕುದಿಸುತ್ತ ನಿಲ್ಲತೊಡಗಿದರು. ಆ ಸ್ಟೋವಿನ ಸದ್ದಿನಲ್ಲಿ ಯಾರು ಯಾರ ಜೊತೆ ಮಾತಾಡಬೇಕು?

ಆವತ್ತೇ ದೂರು ಕೊಡಬೇಕಿತ್ತು ಅನ್ನುತ್ತೀರಾ? ಕೊಡಬಹುದಿತ್ತು. ಟ್ರಾನ್ಸ್‌ಫರ್ ಆಗುತ್ತಿತ್ತು. ಅದೇ ಕೈ ಇನ್ನೊಂದು ದವಾಖಾನೆಗೆ ಹೋಗಿ ಇನ್ನೊಬ್ಬ ಶಾಂತವ್ವನ ಮೇಲೆ ಬೀಳುತ್ತಿತ್ತು. (ಸುಳ್ಳೇಕೆ, ಅವರನ್ನು ಕಳಕೊಳ್ಳಲು ನನಗೆ ಮನಸ್ಸೂ ಇರಲಿಲ್ಲ.)

ಶನಿವಾರ ಇನ್ನೊಂದು ಹೆರಿಗೆ ಬಂತು. ನಾನು ಬೇಕೆಂದೇ ಬಾಗಿಲ ಹತ್ತಿರ ನಿಂತೆ. ಹುಡುಗಿ ಚೀರಿದಳು. ಸುಶೀಲಕ್ಕನ ಕೈ ಎದ್ದಿತು. ಎದ್ದದ್ದು ಅಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಇಳಿದು ಅವಳ ಹಣೆಯ ಬೆವರು ಒರೆಸಿತು.

"ಚೀರವಾ, ಎಷ್ಟ ಬೇಕಾದಷ್ಟ ಚೀರು. ನಾ ಇಲ್ಲೇ ಅದೀನಿ."

ನನ್ನ ಕಣ್ಣು ತುಂಬಿ ಬಂದವು. ಒಳಗೆ ಹೋಗಿ ಅವರ ಪಕ್ಕ ನಿಂತೆ. ಇಬ್ಬರೂ ಸೇರಿ ಹೆರಿಗೆ ಮಾಡಿಸಿದೆವು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಮರುದಿನ ಬೆಳಿಗ್ಗೆ ಆ ಹುಡುಗಿಯ ಅವ್ವ ನನ್ನನ್ನು ಪಕ್ಕಕ್ಕೆ ಕರೆದಳು. ಪಾಪ, ರಾತ್ರಿಯೆಲ್ಲ ನಿದ್ದೆಗೆಟ್ಟ ಮುಖ.

"ಸಿಸ್ಟರ್ ನಮ್ಮ ಮ್ಯಾಲೆ ಸಿಟ್ಟಾಗ್ಯಾರೇನ್ರಿ ಬಾಯಾರ? ನಾ ಹಡಿಯುವಾಗ ಎಷ್ಟ ಬೈದು, ಬಡದು, ಕಾಳಜಿ ಮಾಡಿದ್ರು. ನನ್ನ ಮಗಳಿಗೆ ಒಂದ ಮಾತೂ ಬೈಲಿಲ್ಲ. ನಮ್ಮಿಂದ ಏನರ ತಪ್ಪಾತೇನ್ರಿ?"

ಹಿಂದೆಯೇ ನಿಂತಿದ್ದ ಸುಶೀಲಕ್ಕ ಮುಂದೆ ಬಂದು ಅವಳ ಎರಡೂ ಕೈ ಹಿಡಿದುಕೊಂಡರು. "ಇಲ್ಲವಾ ತಂಗಿ, ನಿಮ್ಮದೇನೂ ತಪ್ಪಿಲ್ಲ" ಅಂದರು.

ನಾವು ಅದೆಷ್ಟು ಬೈದಿದ್ದರೆ, ಬೈಯದ ದಿನ ಒಬ್ಬ ತಾಯಿಗೆ ಇಷ್ಟು ಹೆದರಿಕೆಯಾಗಬೇಕು?