ಷಡ್ಡಕನ ಚೌಕಟ್ಟು

ನನಗೆ ಇಬ್ಬರು ಭಾವಂದಿರು. ದೊಡ್ಡಕ್ಕನ ಗಂಡ ಕಬ್ಬಿಣದ ವೆಲ್ಡರ್, ಚಿಕ್ಕಕ್ಕನ ಗಂಡ ಅಲ್ಯೂಮಿನಿಯಂ ಕೆಲಸದವರು. ನನ್ನದು ಸಾಮಾನು ಸಾಗಿಸುವ ಟೆಂಪೊ. ಇಬ್ಬರ ಬಾಡಿಗೆಯೂ ಬೇಕಲ್ಲ, ಹಾಗಾಗಿ ಇಬ್ಬರ ಮಾತಿಗೂ ತಲೆಯಾಡಿಸುತ್ತೇನೆ. ಆದರೆ ಇಲ್ಲಿ ಹೇಳಹೊರಟಿರುವುದು ದೊಡ್ಡ ಭಾವನ ಕಥೆ. ಅಂಥ ಕೆಲಸಗಾರರನ್ನು ನಾನು ಕಂಡಿಲ್ಲ. ಅಂಥ ಹೊಟ್ಟೆಕಿಚ್ಚಿನವರನ್ನೂ ಕಂಡಿಲ್ಲ.

ಅವರು ವೆಲ್ಡ್ ಮಾಡಿ ಉಜ್ಜಿದ ಮೂಲೆಯ ಮೇಲೆ ಬೆರಳಾಡಿಸಿದರೆ ಎಲ್ಲಿ ಕೂಡಿದೆ ಎಂಬುದೇ ತಿಳಿಯುವುದಿಲ್ಲ. ನಮ್ಮ ಮನೆಯ ಗೇಟು, ಮೆಟ್ಟಿಲ ಕಂಬಿ, ನೀರಿನ ಟ್ಯಾಂಕಿನ ಸ್ಟ್ಯಾಂಡು ಎಲ್ಲ ಅವರದೇ. ವರ್ಷಗಟ್ಟಲೆ ಅವರೊಬ್ಬರೇ ಅಳಿಯ, ಅವರೊಬ್ಬರದೇ ದರ್ಬಾರು. ಆಮೇಲೆ ಚಿಕ್ಕ ಭಾವ ಬಂದರು. ಬಂದವರೇ ಅಡುಗೆಮನೆಯ ಕಿಟಕಿಗೆ ಅಲ್ಯೂಮಿನಿಯಂನ ಜಾರುವ ಬಾಗಿಲು ಕೂರಿಸಿದರು. ಅಮ್ಮ ಅದನ್ನು ಒಂದೇ ಬೆರಳಿನಲ್ಲಿ ತಳ್ಳಿ, "ಅಬ್ಬಾ, ಎಷ್ಟು ಹಗುರ! ಆ ಗೇಟು ತೆಗೆಯೋಷ್ಟರಲ್ಲಿ ನನ್ನ ರಟ್ಟೆ ಬಿದ್ದುಹೋಗತ್ತೆ" ಎಂದುಬಿಟ್ಟರು. ದೊಡ್ಡ ಭಾವನ ಮುಖ ಹರಳೆಣ್ಣೆ ಕುಡಿದ ಹಾಗಾಯಿತು. ಅವತ್ತೇ ಷಡ್ಡಕನಿಗೆ 'ಡಬ್ಬಿ' ಎಂದು ಹೆಸರಿಟ್ಟರು.

ಹೋದ ವರ್ಷ ಊರಾಚೆ ಒಂದು ಡೇಟಾ ಸೆಂಟರ್ ಎದ್ದಿತು. ಜನರ ಫೋಟೊ, ಬ್ಯಾಂಕಿನ ಲೆಕ್ಕ ಎಲ್ಲವನ್ನೂ ಹಿಡಿದಿಡುವ ಕಂಪ್ಯೂಟರುಗಳು ಅಲ್ಲಿ ಬೀರುಗಳ ಹಾಗೆ ಸಾಲಾಗಿ ನಿಂತಿರುತ್ತವೆ. ಕಟ್ಟಡದ ತೊಲೆ, ಹೊರಗಿನ ಮೆಟ್ಟಿಲು, ಜನರೇಟರಿನ ಪಂಜರ ಎಲ್ಲ ದೊಡ್ಡ ಭಾವನ ಕೈಕೆಲಸ. ಬಾಕಿ ಇದ್ದದ್ದು ಒಳಗಿನ ಸಾಲುಗಳನ್ನು ಸುತ್ತುವರಿಯುವ ಚೌಕಟ್ಟು. ಅದಕ್ಕೆ ಹಾಳೆ ಹೊದಿಸಿ ತಣ್ಣನೆಯ ಗಾಳಿಗೆ ಬಿಸಿಗಾಳಿ ಬೆರೆಯದಂತೆ ತಡೆಯಬೇಕು, ಮೇಲೆ ಕೇಬಲ್ಲುಗಳ ಹೊರೆ ಹೊರಿಸಬೇಕು. ಅದೂ ತನ್ನದೇ ಎಂದು ಭಾವ ಎಣಿಸಿದ್ದರು. ಆದರೆ ಒಳಗೆ ಅರ್ಧ ಯಂತ್ರಗಳು ಆಗಲೇ ಓಡುತ್ತಿದ್ದವು. ಕಿಡಿ, ಹೊಗೆ, ಕಬ್ಬಿಣದ ಪುಡಿ ಒಂದೂ ಅಲ್ಲಿ ಕೂಡದು. ಕಬ್ಬಿಣವೋ ಅಲ್ಯೂಮಿನಿಯಮ್ಮೋ ನೋಡಿಯೇ ಆರಿಸುತ್ತೇನೆ, ಒಂದೊಂದು ಮಾದರಿ ತಂದು ನಿಲ್ಲಿಸಿ ಎಂದು ಅಲ್ಲಿನ ಎಂಜಿನಿಯರಮ್ಮ ಇಬ್ಬರಿಗೆ ಹೇಳಿದರು. ಆ ಇನ್ನೊಬ್ಬರು ನಮ್ಮ ಚಿಕ್ಕ ಭಾವ.

ದೊಡ್ಡ ಭಾವನಿಗೆ ಅನ್ನ ಸೇರಲಿಲ್ಲ. "ನಾನು ಎಬ್ಬಿಸಿದ ಕಟ್ಟಡದೊಳಗೆ ಡಬ್ಬಿ ಬಂದು ಮೆರೀಬೇಕಾ? ಒಳಗೆ ವೆಲ್ಡಿಂಗ್ ತಾನೆ ಬೇಡ? ಇಲ್ಲೇ ಪೂರ್ತಿ ಮಾಡಿ ಹೊತ್ಕೊಂಡು ಹೋಗ್ತೀನಿ" ಎಂದು ಅಂಗಡಿಯ ಶಟರ್ ಎಳೆದು ಕೂತರು. ಚೌಕಟ್ಟು ಮುಗಿದಾಗ ನಾನೇ ಬೆರಗಾದೆ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿತ್ತು. ನಾಲ್ಕು ಜನ ಏದುಸಿರು ಬಿಡುತ್ತ ಟೆಂಪೊಗೆ ಏರಿಸಿದರು.

ಡೇಟಾ ಸೆಂಟರಿನ ಬಾಗಿಲಲ್ಲಿ ಅದು ತೂರಲಿಲ್ಲ.

ನೆಟ್ಟಗೆ ಹಿಡಿದರು, ಅಡ್ಡ ಹಿಡಿದರು, ಓರೆ ಮಾಡಿದರು, ಕೊನೆಗೆ ಬಾಗಿಲನ್ನೇ ಬೈದರು. ಭಾವ ತೊಲೆ ಸಾಗಿಸುತ್ತಿದ್ದ ಕಾಲದಲ್ಲಿ ಆ ಕಡೆ ಗೋಡೆಯೇ ಇರಲಿಲ್ಲ. ಅವರ ತಲೆಯೊಳಗೆ ಇನ್ನೂ ಆ ಬಯಲೇ ಇತ್ತು. ನಗು ತಡೆಯಲಾರದೆ ನಾನು ಟೆಂಪೊದ ಚಕ್ರ ನೋಡುತ್ತ ಬಗ್ಗಿ ನಿಂತೆ.

ಅಷ್ಟರಲ್ಲಿ ಚಿಕ್ಕ ಭಾವ ಅಲ್ಯೂಮಿನಿಯಂ ಪಟ್ಟಿಗಳ ಕಟ್ಟನ್ನು ಹೆಗಲ ಮೇಲಿಟ್ಟುಕೊಂಡು ಸಲೀಸಾಗಿ ಒಳಗೆ ನಡೆದರು. ಪಟ್ಟಿಯ ಉದ್ದಕ್ಕೂ ಸಂದು, ಆ ಸಂದಿನಲ್ಲಿ ಎಲ್ಲಿ ಬೇಕಾದರೂ ಬೋಲ್ಟು. ಬೋಲ್ಟು ಬಿಗಿಯುವ ಒಂದು ಅಲೆನ್ ಕೀ ಹಿಡಿದು ತಿರುಗಿಸುತ್ತ ಹೋದರು, ಚೌಕಟ್ಟು ಎದ್ದು ನಿಂತಿತು. ಎಂಜಿನಿಯರಮ್ಮನಿಗೆ ಮಾತ್ರ ಅರೆಮನಸ್ಸು. ದೊಡ್ಡ ಭಾವನನ್ನು ಕರೆದರು.

"ಕಾಗದದ ಲೆಕ್ಕದಲ್ಲಿ ಇದು ಹೊರೆ ತಡೆಯತ್ತೆ. ಆದ್ರೆ ಈ ಕಟ್ಟಡಕ್ಕೆ ತೊಲೆ ಕೂರಿಸಿದೋರು ನೀವು. ನೀವು ಹ್ಞೂಂ ಅಂದ್ರೆ ಇದನ್ನೇ ಹಾಕಿಸ್ತೀನಿ. ಬೇಡ ಅಂದ್ರೆ ಕಬ್ಬಿಣಾನೇ ಬಿಡಿಬಿಡಿಯಾಗಿ ತಂದು ಬೋಲ್ಟ್ ಹಾಕಿ ಮಾಡ್ಕೊಡಿ."

ಒಂದೇ ಒಂದು 'ಬೇಡ' ಸಾಕಿತ್ತು. ಭಾವನ ಕಣ್ಣು ಮಿನುಗಿದ್ದನ್ನು ನಾನು ನೋಡಿದೆ.

ಅವರು ಒಂದೊಂದು ಮೂಲೆಗೂ ಕೈ ಹಾಕಿ ಅಲ್ಲಾಡಿಸಿದರು. ಮುಷ್ಟಿಯಿಂದ ಗುದ್ದಿದರು. ಕೊನೆಗೆ ಮೇಲಿನ ಅಡ್ಡಪಟ್ಟಿಗೆ ಜೋತುಬಿದ್ದು, ಕಾಲು ಮಡಚಿ, ಆ ಭಾರೀ ಮೈಯನ್ನೆಲ್ಲ ಜಗ್ಗಿದರು. ಒಂದು ಬೋಲ್ಟು ಕಿರ್ ಎಂದಿದ್ದರೂ ಅವತ್ತು ಅವರಿಗೆ ಸ್ವರ್ಗ ಸಿಕ್ಕುತ್ತಿತ್ತು. ಚಿಕ್ಕ ಭಾವ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಉಸಿರು ಬಿಗಿಹಿಡಿದು ನಿಂತಿದ್ದರು. ಪಟ್ಟಿ ಕೂದಲೆಳೆಯಷ್ಟೂ ಬಗ್ಗಲಿಲ್ಲ. ಭಾವ ಕೆಳಗಿಳಿದರು.

"ಹಾಕಿಸಿ ಮೇಡಂ. ಏನೂ ಆಗಲ್ಲ" ಎಂದರು. ಎಂದವರೇ ಯಾರ ಮುಖವನ್ನೂ ನೋಡದೆ ಹೊರಗೆ ಬಂದುಬಿಟ್ಟರು.

ತಮ್ಮ ಚೌಕಟ್ಟನ್ನು ಮತ್ತೆ ಟೆಂಪೊಗೆ ಏರಿಸಿ ಹಗ್ಗ ಬಿಗಿಯುತ್ತಿದ್ದರು. ಚಿಕ್ಕ ಭಾವ ಓಡಿಬಂದು ಅವರ ಕೈ ಹಿಡಿದುಕೊಂಡರು.

"ಅಣ್ಣಾ, ನೀವು ಬೇಡ ಅಂದಿದ್ರೆ ನನ್ನ ಕಥೆ ಮುಗೀತಿತ್ತು. ನಿಮ್ಮ ಮನಸ್ಸು ದೊಡ್ಡದು."

ಭಾವ ಕೈ ಕೊಸರಿಕೊಂಡರು.

"ದೊಡ್ಡದೂ ಇಲ್ಲ, ಮಣ್ಣೂ ಇಲ್ಲ. ಹೊಟ್ಟೆ ಉರಿದು ಸಾಯ್ತಾ ಇದೀನಿ ಕಣೋ. ನಿನ್ನ ಕೆಲಸ ಕೆಟ್ಟದಾಗಿದ್ದಿದ್ರೆ, ಎಲ್ಲರ ಮುಂದೆ ನಿನ್ನ ಬೆನ್ನು ತಟ್ಟಿ ಎಷ್ಟು ಹೊಗಳ್ತಿದ್ದೆ ಗೊತ್ತಾ?"