ಬಸ್ಸಿನ ಮೊದಲ ಮೆಟ್ಟಿಲು

ಹಳಿಯಾಳದ ಬಸ್ ನಿಲ್ದಾಣದಲ್ಲಿ ನಿಲ್ಲುವ ಸಾರಿಗೆ ಬಸ್ಸಿನ ಮೊದಲ ಮೆಟ್ಟಿಲು ನನ್ನ ಮೊಣಕಾಲಿನ ಮಟ್ಟಕ್ಕೆ ಬರುತ್ತದೆ. ಪತ್ರಿಕೆಯ ವರದಿಗಾರನಾಗಿ ದಿನವೂ ಆ ನಿಲ್ದಾಣ ದಾಟಿ ಓಡಾಡುತ್ತೇನೆ. ಆದರೂ ಮೆಟ್ಟಿಲಿನ ಎತ್ತರ ನನ್ನ ಕಣ್ಣಿಗೆ ಬಿದ್ದದ್ದು ಅಕ್ಕ ಬಸ್ ಹತ್ತುವುದನ್ನು ಬಿಟ್ಟ ಮೇಲೆ.

ಅಕ್ಕ ಮದುವೆಯಾಗಿ ಹಳಿಯಾಳಕ್ಕೆ ಬಂದವಳು. ಐವತ್ತು ದಾಟಿದೆ, ದಪ್ಪ ಮೈ. ನಮ್ಮ ಹುಟ್ಟೂರು ಮುಂಡಗೋಡದ ಹತ್ತಿರ. ಅಲ್ಲಿ ಅವ್ವ ನಮ್ಮ ಅಣ್ಣನ ಮನೆಯಲ್ಲಿದ್ದಾಳೆ. ನಾಗರ ಪಂಚಮಿಗೆ ಅಕ್ಕ ತವರಿಗೆ ಹೋಗುವುದು ಎಂದೂ ತಪ್ಪಿರಲಿಲ್ಲ. ಒಮ್ಮೆ ದಸರೆಯ ಗದ್ದಲದಲ್ಲಿ ಆಕೆಯ ಒಂದು ಕಾಲು ಮೆಟ್ಟಿಲಿನ ಮೇಲೆ, ಇನ್ನೊಂದು ನೆಲದ ಮೇಲೆ ಉಳಿದುಬಿಟ್ಟಿತು. ಹಿಂದೆ ಜನ ಒತ್ತುತ್ತಿದ್ದರು. "ಕ್ರೇನ್ ತರಸಬೇಕೇನ್ರೀ?" ಎಂದ ಒಬ್ಬ. ಉಳಿದವರು ನಕ್ಕರು. ಇಬ್ಬರು ಹೆಂಗಸರು ಹಿಂದಿನಿಂದ ದಬ್ಬಿ ಒಳಗೆ ಹಾಕಿದರು. ಆಮೇಲೆ ಅಕ್ಕ ಬಸ್ಸಿನ ಕಡೆ ಹೋಗಲಿಲ್ಲ.

ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾಗಿ ಓಣಿಯ ಹೆಂಗಸರೆಲ್ಲ ಉಳವಿಗೆ, ದಾಂಡೇಲಿಗೆ, ಹುಬ್ಬಳ್ಳಿಗೆ ಹೋಗಿಬರುತ್ತಿದ್ದ ಕಾಲ ಅದು. ಅಕ್ಕ ಗೇಟಿನಲ್ಲಿ ನಿಂತು ಅವರನ್ನು ಕಳಿಸಿಕೊಡುತ್ತಿದ್ದಳು. ಆಕೆಯ ಗಂಡ ಒಳ್ಳೆಯ ಮನಸ್ಸಿನಿಂದಲೇ, "ಪಂಚಮಿಗೆ ಕಾರ್ ಮಾಡಿ ಕಳಸ್ತೇನಿ ತಗೋ" ಎಂದರು.

"ನಿಮಗ ಪುರಸೊತ್ತ ಆದಾಗ ನನಗ ತವರಮನಿ ಏನ್ರೀ?" ಎಂದಳು ಅಕ್ಕ.

ಈ ಸಲದ ಪಂಚಮಿಗೆ ಒಬ್ಬಳೇ, ಯಾರ ಕೈಯೂ ತಾಗದೆ, ಬಸ್ಸಿನಲ್ಲೇ ಹೋಗುವುದೆಂದು ನಿರ್ಧರಿಸಿದಳು.

ಮೊದಲು ಊರಿನ ಯೋಗ ಶಿಬಿರಕ್ಕೆ ಹೋದಳು. ಅಲ್ಲಿನ ಮೊದಲ ಸೂಚನೆಯೇ ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂರುವುದು. ಅಕ್ಕ ನೆಲಕ್ಕೆ ಕೂತರೆ ಏಳಿಸಲು ಇಬ್ಬರು ಬೇಕು. ಆಗದವರು ಬದಿಗೆ ಕೂತು ನೋಡಿ ಎಂದರು ಶಿಕ್ಷಕರು. ಅಕ್ಕ ಒಂದು ದಿನ ನೋಡಿ ಬಂದಳು. "ನೋಡಿದ್ರ ಕಾಲ ಮ್ಯಾಲ ಏಳತಾವೇನೋ?" ಎಂದು ನನ್ನನ್ನು ಕೇಳಿದಳು. ಬಳಿಕ ನೆರೆಯವರ ಜೊತೆ ಮುಂಜಾನೆಯ ವಾಕಿಂಗ್. ಅವರ ವೇಗಕ್ಕೆ ಉಸಿರು ಸಾಲಲಿಲ್ಲ. ತೊಡೆ ಉಜ್ಜಿ ಚರ್ಮ ಕಿತ್ತುಬಂತು. ಅದೂ ನಿಂತಿತು.

ದಾಂಡೇಲಿಯಲ್ಲಿ ಕೆಲಸ ಮಾಡುವ ಫಿಸಿಯೊಥೆರಪಿಸ್ಟ್ ಒಬ್ಬರು ವಾರದಲ್ಲಿ ಕೆಲವು ದಿನ ಹಳಿಯಾಳಕ್ಕೆ ಬರುತ್ತಾರೆ. ಧಾರವಾಡ ಕಡೆಯ ಹುಡುಗಿ. ಅಕ್ಕನನ್ನು ಅಲ್ಲಿಗೆ ಕರೆದೊಯ್ದೆ. ಹೊರಗಿದ್ದ ಪ್ಲಾಸ್ಟಿಕ್ ಕುರ್ಚಿಗಳಿಗೆಲ್ಲ ಕೈ ಇದ್ದವು; ನಡುವೆ ಸಿಕ್ಕಿಕೊಳ್ಳುವ ಭಯಕ್ಕೆ ಅಕ್ಕ ನಿಂತೇ ಇದ್ದಳು. ಫಿಸಿಯೊಥೆರಪಿಸ್ಟ್ ಅದನ್ನು ನೋಡಿ, ಏನನ್ನೂ ಕೇಳದೆ ಒಳಗಿನಿಂದ ಮರದ ಬೆಂಚು ಎಳೆದು ತಂದರು.

"ಏನ ಮಾಡಬೇಕಂತ ಮನಸ್ಸೈತ್ರೀ ಅಕ್ಕಾರ?"

"ಬಸ್ ಹತ್ತಬೇಕ್ರೀ ಬಾಯಾರ. ಅದಕ್ಕ ಮೊದಲ ತೂಕ ಇಳಸಬೇಕಲ್ರೀ?"

"ಬಸ್ಸಿಗೆ ನಿಮ್ಮ ತೂಕದ್ದೇನೂ ತಕರಾರಿಲ್ಲ. ಕಾಲಿಗೆ ಕಸುವ ಬಂದ್ರ ಸಾಕು."

ಅಕ್ಕ ಆ ದಿನ ಮೊದಲ ಸಲ ನಕ್ಕಳು.

ಕಲಿಸಿದ್ದು ಸರಳ. ಕೈ ಇಲ್ಲದ ಕುರ್ಚಿಯನ್ನು ಗೋಡೆಗೆ ತಾಗಿಸಿಟ್ಟು ಕೂತು ಏಳುವುದು. ಗೋಡೆಗೆ ಅಂಗೈ ಊರಿ ದಬ್ಬುವುದು. ದಣಿದರೆ ನಾಚಿಕೆಯಿಲ್ಲದೆ ಕೂರುವುದು. ನಡೆಯುವಾಗ ತೊಡೆ ಉಜ್ಜದಂತೆ ಸೀರೆಯೊಳಗೆ ಮೊಣಕಾಲವರೆಗಿನ ಹತ್ತಿಯ ಚಡ್ಡಿ ಹಾಕುವುದು. ಇನ್ನು ಮೆಟ್ಟಿಲು ಹತ್ತುವ ಅಭ್ಯಾಸ.

"ಮನ್ಯಾಗ ಹೊಸ್ತಿಲ ಐತೆಲ್ಲ, ಅದರ ಮ್ಯಾಲ ಒಂದೊಂದ ಕಾಲ ಇಡ್ರೀ."

"ಅಯ್ಯ, ಹೊಸ್ತಿಲ ತುಳೀತಾರೇನ್ರೀ!"

"ಹಂಗಾರ ಊಟದ ಮಣಿ?"

"ಮಣಿ ಇರೂದು ಕುಂದ್ರಾಕರೀ."

"ಕುಂದ್ರಾಕ ಬರೂದಿಲ್ಲಂತ ನೀವಽ ಹೇಳಿದ್ರಿ. ನಿಂದ್ರಾಕರ ಉಪಯೋಗ ಆಗ್ಲಿ ಬಿಡ್ರೀ."

ಹೀಗೆ ಮಣೆ ಅಡುಗೆಮನೆಯಿಂದ ಹೊರಬಂದು ಕಿಟಕಿಯ ಕೆಳಗೆ ಕೂತಿತು. ಅಕ್ಕ ಮುಂಜಾನೆಯ ಕೆಲಸ ಮುಗಿಸಿ, ನೈಟಿಯಲ್ಲೇ, ಕಿಟಕಿಯ ಸರಳು ಹಿಡಿದು ಅದನ್ನು ಹತ್ತಿ ಇಳಿಯತೊಡಗಿದಳು. ಮಣೆ ಸಲೀಸಾದಾಗ ಹಿತ್ತಲಿನ ಕಟ್ಟೆಗೆ ಬಡ್ತಿ. ಕಟ್ಟೆ ಬಸ್ಸಿನ ಮೆಟ್ಟಿಲಿನಷ್ಟೇ ಎತ್ತರ. ಅಳೆದು ನೋಡಿದವನು ನಾನೇ. ಕೆಲವು ತಿಂಗಳಲ್ಲಿ ಆಕೆ ಅದನ್ನೂ ಹತ್ತಿದಳು. ಮೈ ಮೊದಲಿನಷ್ಟೇ ದಪ್ಪ ಇತ್ತು. ನಡಿಗೆ ಮಾತ್ರ ಬೇರೆಯಾಗಿತ್ತು.

ಪಂಚಮಿಗೆ ವಾರವಿರುವಾಗ ಒಂದು ಮಧ್ಯಾಹ್ನ ನಿಲ್ದಾಣಕ್ಕೆ ಹೋದೆವು. ಹೊರಡಲು ಇನ್ನೂ ಹೊತ್ತಿದ್ದ ಬಸ್ಸೊಂದು ಖಾಲಿ ನಿಂತಿತ್ತು. ಅಕ್ಕ ಬಾಗಿಲ ಸರಳು ಹಿಡಿದು ಕಾಲೆತ್ತಿದಳು. ಕಾಲು ಅರ್ಧಕ್ಕೆ ನಿಂತಿತು. ಮತ್ತೆ ಎತ್ತಿದಳು. ಮತ್ತೆ ಅಲ್ಲೇ. ಆಕೆಯ ಮುಖ ಇಳಿದುಹೋಯಿತು.

"ಅವಸರ ಮಾಡಬ್ಯಾಡ್ರೀ ಯಕ್ಕಾ, ಇನ್ನೂ ಟೈಮ್ ಐತಿ" ಎಂದ ಒಳಗೆ ಕೂತು ಶೇಂಗಾ ಸುಲಿಯುತ್ತಿದ್ದ ಕಂಡಕ್ಟರ್.

"ಮನ್ಯಾಗ ಹತ್ತತೇನಿ. ಇಲ್ಲಿ ಯಾಕ ಆಗವಲ್ಲದು?"

ಮೊಣಕಾಲು ನೋಯುತ್ತಿರಬೇಕು, ಇನ್ನೊಂದು ತಿಂಗಳು ಬೇಕೇನೋ ಎಂದೆ. ಅಕ್ಕ ಬಗ್ಗಿ, ಮೊಣಕಾಲಿನ ಬಳಿ ಸೀರೆಯನ್ನು ಜಗ್ಗಿ ನೋಡಿದಳು. ಇನ್ನೊಮ್ಮೆ ಕಾಲೆತ್ತಿ, ಬಟ್ಟೆ ಎಲ್ಲಿ ಬಿಗಿಯುತ್ತದೆಂದು ಕೈಯಿಂದ ಮುಟ್ಟಿದಳು.

"ಕಾಲ ಅಲ್ಲೋ ತಮ್ಮಾ. ಪರಕರ. ಜಗ್ಗಿ ಹಿಡಿಯಾಕತ್ತೈತಿ."

ಸೀರೆಯೊಳಗೆ ಉಡುವ ಪರಕರ ಅಂಗಡಿಯಿಂದ ತಂದದ್ದು. ನಡುವಿಗೆ ಲಾಡಿ ಕಟ್ಟಿದರೆ ಯಾರಿಗಾದರೂ ಆಗುತ್ತದೆ. ಕೆಳಗಿನ ಸುತ್ತಳತೆ ಮಾತ್ರ ಸಣ್ಣ ಮೈಯವರ ಹೆಜ್ಜೆಗೆ ಹೊಲಿದದ್ದು. ಅಕ್ಕನ ಮೈಗೆ ಸುತ್ತಿದ ಮೇಲೆ ಕಾಲೆತ್ತಲು ಬಟ್ಟೆಯೇ ಉಳಿಯುತ್ತಿರಲಿಲ್ಲ. ತಿಂಗಳುಗಟ್ಟಲೆ ಅಭ್ಯಾಸ ನಡೆದದ್ದು ಸಡಿಲ ನೈಟಿಯಲ್ಲಿ. ಫೋನಿನಲ್ಲಿ ಹೇಳಿದಾಗ ಫಿಸಿಯೊಥೆರಪಿಸ್ಟ್ ಜೋರಾಗಿ ನಕ್ಕರು. "ನಾ ಚೂಡಿದಾರದಾಕಿ ಅದೇನ್ರೀ, ಹೊಳೀಲೇ ಇಲ್ಲ. ನಾಳಿಂದ ಸೀರಿ ಉಟ್ಟಽ ಮಾಡಸ್ರೀ."

ಪೇಟೆಯಲ್ಲಿ ಬ್ಲೌಸ್ ಹೊಲಿಯುವಾಕೆಯ ಬಳಿ ಹೋದೆವು. "ಸುತ್ತ ಎಷ್ಟ ಇಡ್ಲಿ?" ಎಂದು ಟೇಪು ತೆಗೆದಳು ಆಕೆ.

"ಬಸ್ ಹತ್ತುವಷ್ಟ ಇಡವಾ."

ಆಕೆ ಒಂದು ಕ್ಷಣ ನೋಡಿ, ತಾನು ಕೂತಿದ್ದ ಸ್ಟೂಲನ್ನು ಎಳೆದು ಮುಂದಿಟ್ಟಳು. ಅಕ್ಕ ಗೋಡೆ ಹಿಡಿದು ಅದರ ಮೇಲೆ ಒಂದು ಕಾಲಿಟ್ಟಳು. ಅಳತೆ ತೆಗೆದದ್ದು ಹಾಗೆ. ಎರಡೂ ಬದಿಗೆ ಮುಕ್ಕೋನದ ಬಟ್ಟೆ ಸೇರಿಸಿ ಹೊಲಿದ ಪರಕರ ಎರಡು ದಿನದಲ್ಲಿ ಬಂತು. ಅದನ್ನುಟ್ಟು, ಮೇಲೆ ಸೀರೆಯುಟ್ಟು, ಅಕ್ಕ ಹಿತ್ತಲಿನ ಕಟ್ಟೆ ಹತ್ತಿದಳು.

ಪಂಚಮಿಯ ಹಿಂದಿನ ದಿನ ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. "ನೀ ನನ್ನ ಹಿಂದ ನಿಂದರಬ್ಯಾಡ, ದಬ್ಬತೀ" ಎಂದು ನನ್ನನ್ನು ಎದುರಿನ ಕಂಬದ ಬಳಿ ನಿಲ್ಲಿಸಿದಳು. ಮುಂಡಗೋಡದ ಬಸ್ಸು ಬಂತು. ಹಬ್ಬಕ್ಕೆ ಕಟ್ಟಿದ ಉಂಡಿಯ ಚೀಲವನ್ನು ಮೊದಲು ಮೇಲಿಟ್ಟು, ಎರಡೂ ಕೈಯಲ್ಲಿ ಸರಳು ಹಿಡಿದಳು.

"ಲಗೂ ಹತ್ತಬೇ ಯಕ್ಕಾ!" ಎಂದು ಹಿಂದಿನಿಂದ ಒಂದು ದನಿ.

"ನಿಂದರವಾ, ನಾನೂ ಹತ್ತಾಕಽ ಬಂದೇನಿ."

ಒಂದು ಕಾಲು ಮೇಲೆ ಹೋಯಿತು. ಆಕೆ ಅಲ್ಲೇ ಉಸಿರು ತೆಗೆದುಕೊಂಡಳು, ಆತುರಪಡಲಿಲ್ಲ. ಇನ್ನೊಂದು ಕಾಲೂ ಹೋಯಿತು. ಕಿಟಕಿಯಿಂದ ಒಳಗಿನ ಮಾತು ಕೇಳುತ್ತಿತ್ತು.

"ಇಲ್ಲಿ ಹಿಡಸೂದಿಲ್ಲಬೇ" ಎಂದಳು ಸೀಟಿನಲ್ಲಿ ಕೂತಿದ್ದ ಹೆಂಗಸು.

"ಹಿಡಸತೈತಿ. ನಿನ್ನ ಚೀಲ ತೊಡಿಮ್ಯಾಲ ತಗೋ."

ಆ ಹೆಂಗಸಿನ ಚೀಲ ತೊಡೆಯ ಮೇಲೆ ಹೋಯಿತು, ಅಕ್ಕ ಕೂತಳು, ಬಸ್ಸು ಹೊರಟಿತು. ನಾನು ಸುದ್ದಿ ಕಳಿಸಲು ಕಚೇರಿಗೆ ಹೋದೆ.

ಸಂಜೆ ಅಣ್ಣನ ಫೋನ್ ಬಂತು. "ಅಕ್ಕನ ಜೋಡಿ ಯಾರನ್ನ ಕಳಿಸಿದ್ಯೋ? ಇಲ್ಲಿ ಯಾರೂ ಕಾಣವಲ್ರು."

"ಯಾರನ್ನೂ ಕಳಿಸಿಲ್ಲ."

ಅವನು ಅದನ್ನು ಅವ್ವನಿಗೆ ಕೂಗಿ ಹೇಳಿದ. ಅವನ ಹಿಂದೆ ಅವ್ವನ ನಗು ಕೇಳಿತು, ಅದರ ಮೇಲೆ ಅಕ್ಕನ ದನಿ: "ಸೋಮವಾರ ಹೊಳ್ಳಿ ಬರ್ತೇನಿ. ಬಸ್ ಸ್ಟ್ಯಾಂಡಿಗೆ ಯಾರೂ ಬರೂದು ಬ್ಯಾಡಂತ ಹೇಳ ಅವಗ."