ತಗಡಿನ ಕಪಾಟಿನ ಕನ್ನಡಿ

ಬಿರುಕು ಹುಡುಕುವುದೇ ಪ್ರಣಾಲಿಯ ಕೆಲಸ. ಸಾಂಗ್ಲಿ ಬಳಿಯ ಕುಪವಾಡ ಕೈಗಾರಿಕಾ ವಸಾಹತಿನ ಒಂದು ಫೌಂಡ್ರಿಯಲ್ಲಿ ಎರಕ ಹೊಯ್ದ ಪಂಪಿನ ಬಿಡಿಭಾಗಗಳು ಅವಳ ಮೇಜಿಗೆ ಬರುತ್ತವೆ. ಒಂದೊಂದನ್ನೂ ದೀಪದ ಕೆಳಗೆ ತಿರುಗಿಸಿ ನೋಡಿ, ಕೂದಲೆಳೆಯಷ್ಟು ಸೀಳಿದ್ದರೂ ಸೀಮೆಸುಣ್ಣದ ಗುರುತು ಹಾಕಿ ಬದಿಗಿಡುತ್ತಾಳೆ. ಹನ್ನೊಂದು ವರ್ಷದಿಂದ ಇದೇ. ಊಟದ ಬಿಡುವಿನಲ್ಲಿ ಉಳಿದ ಹೆಂಗಸರು ಮಾತಿಗೆ ಕುಳಿತರೆ ಅವಳು ಬುತ್ತಿಡಬ್ಬಿಗೆ ಮೊಬೈಲ್ ಒರಗಿಸಿಟ್ಟು ಹಳೆಯ ಆಟಿಕೆಗಳ ಆನ್‌ಲೈನ್ ಹರಾಜು ನೋಡುತ್ತಾಳೆ. ಕೀಲಿ ಕೊಟ್ಟರೆ ಕುಪ್ಪಳಿಸುವ ತಗಡಿನ ಕಪ್ಪೆ, ನೀರಿನಲ್ಲಿ ಪಟಪಟ ಎನ್ನುವ ದೋಣಿ, ಮಲಗಿಸಿದರೆ ಕಣ್ಣು ಮುಚ್ಚುವ ಗೊಂಬೆ.

ಅವಳ ಅಪ್ಪ ಗಂಗಾರಾಮ ಜಮಖಂಡಿ ಕಡೆಯಿಂದ ಮಿರಜ ಬಳಿಯ ಬೇಡಗಕ್ಕೆ ಕೂಲಿಗೆ ಬಂದವನು. ಅವನು ದುಡಿಯುತ್ತಿದ್ದ ದ್ರಾಕ್ಷಿ ತೋಟದ ಒಡೆಯರ ಮಗಳು ಕಟ್ಟೆಯ ಮೇಲೆ ಹಿತ್ತಾಳೆಯ ಭಾತುಕಲಿ ಹರಡಿಕೊಂಡು ಅಡುಗೆಯಾಟ ಆಡುತ್ತಿದ್ದಳು. ಬೆರಳುದ್ದದ ಒಲೆ, ಹಂಡೆ, ಸೌಟು. ಪ್ರಣಾಲಿ ಅಂಗಳದಲ್ಲಿ ನಿಂತು ನೋಡಬಹುದಿತ್ತು, ಮುಟ್ಟುವಂತಿರಲಿಲ್ಲ. ಈಗ ಅವಳಿಗೆ ನಲವತ್ತು. ಅಂಚೆಯಲ್ಲಿ ಪೊಟ್ಟಣ ಬಂದಾಗಲೆಲ್ಲ ಅವ್ವ ಸೋನಾಬಾಯಿ, “ಕೂದಲ ಬೆಳ್ಳಗಾದ್ರೂ ನಿನಗ ಗೊಂಬಿ ಹುಚ್ಚ ಬಿಡಲಿಲ್ಲ ನೋಡು” ಎಂದು ಗೊಣಗಿ, ಆಮೇಲೆ ತಾನೇ ಅದನ್ನು ಸೆರಗಿನಿಂದ ಒರೆಸಿಡುತ್ತಿದ್ದಳು.

ಹರಾಜಿನಲ್ಲಿ ಪ್ರಣಾಲಿಯನ್ನು ಮತ್ತೆ ಮತ್ತೆ ಸೋಲಿಸುತ್ತಿದ್ದವರು ಒಬ್ಬರೇ. ಹೆಸರು ‘ನೀಲಗಂಗಾ ಮಿರಜ’. ರೋಸಿಹೋಗಿ ಒಂದು ದಿನ ಮರಾಠಿಯಲ್ಲಿ, ಒಂದನ್ನಾದರೂ ನನಗೆ ಬಿಡಿ ಎಂದು ಬರೆದಳು. ಉತ್ತರವಾಗಿ ಧ್ವನಿ ಸಂದೇಶ ಬಂತು. ವಯಸ್ಸಾದ ಹೆಂಗಸಿನ ಕನ್ನಡ: “ಬರಿಯೂದು ನನಗಾಗೂದಿಲ್ಲವಾ. ಮನೀಗೆ ಬಾ.”

ಮಿರಜಿನ ಪೇಟೆಯ ಹಿಂದಿನ ಓಣಿಯಲ್ಲಿ ಹಳೆಯ ಕಿರಾಣಿ ವ್ಯಾಪಾರಿಗಳ ಎರಡಂತಸ್ತಿನ ಮನೆ. ನೀಲಗಂಗವ್ವನಿಗೆ ಎಪ್ಪತ್ತಾರು, ಗಂಡನಿಲ್ಲ, ಮಕ್ಕಳಾಗಿರಲಿಲ್ಲ. ಮಾಳಿಗೆಯ ಕೋಣೆಯ ಗೋಡೆತುಂಬ ಆಟಿಕೆಗಳು. ಆಕೆ ಭಾತುಕಲಿಯ ಡಬ್ಬಿ ತೆಗೆದು ಪ್ರಣಾಲಿಯ ಮಡಿಲಿಗೇ ಸುರಿದಳು.

“ದೂರ ಯಾಕ ಕುಂತಿ? ಮುಟ್ಟಿದ್ರ ಸವಿತಾವೇನು? ಆಡು.”

ಅಂದಿನಿಂದ ಪ್ರತಿ ರವಿವಾರ ಪ್ರಣಾಲಿ ಅಲ್ಲಿಗೆ ಹೋಗತೊಡಗಿದಳು. ಬೇಡಗದ ಕಟ್ಟೆಯ ಕತೆಯನ್ನು ಅವಳು ಹೇಳಿದ್ದು ಆ ಮುದುಕಿಯೊಬ್ಬಳಿಗೇ. ನೀಲಗಂಗವ್ವ ಯಾವುದನ್ನೂ ಮಾರುತ್ತಿರಲಿಲ್ಲ. ಅದರಲ್ಲೂ ಬಾಗಿಲಿಗೆ ಕನ್ನಡಿ ಕೂರಿಸಿದ ಗೇಣುದ್ದದ ತಗಡಿನ ಕಪಾಟು ಆಕೆಯ ಅಪ್ಪ ತಂದುಕೊಟ್ಟದ್ದು. “ನಾ ಇರೂತನಕ ಇದು ಈ ಮನಿ ಹೊಸ್ತಿಲಾ ದಾಟಾಂಗಿಲ್ಲ” ಎನ್ನುತ್ತಿದ್ದಳು.

ಆ ವರ್ಷ ಯುಗಾದಿಯ ಹೊತ್ತಿಗೆ ಸೋನಾಬಾಯಿಗೆ ಜ್ವರ ಬಂದು ಪ್ರಣಾಲಿಗೆ ಮೂರು ರವಿವಾರ ಮಿರಜಿಗೆ ಹೋಗಲಾಗಲಿಲ್ಲ. ಅಷ್ಟರಲ್ಲಿ ನೀಲಗಂಗವ್ವನ ಧ್ವನಿ ಸಂದೇಶಗಳು ನಿಂತವು. ಫೋನ್ ಬಂದ್. ಮುಂದಿನ ವಾರ ಹೊಸ ಮಾರಾಟಗಾರನೊಬ್ಬ ಹರಾಜಿನಲ್ಲಿ ಕಾಣಿಸಿಕೊಂಡ. ಮೊದಲು ಒಂದು ಕಪ್ಪೆ. ಎಡಗಾಲು ಸೊಟ್ಟಗಿದ್ದ ಆ ಕಪ್ಪೆಯನ್ನು ಪ್ರಣಾಲಿ ಎಷ್ಟೋ ಸಲ ಕೈಯಲ್ಲಿ ಹಿಡಿದಿದ್ದಳು. ಮರುದಿನ ದೋಣಿ. ಗುರುವಾರ ಮಧ್ಯಾಹ್ನ ತಗಡಿನ ಕಪಾಟು.

ಪ್ರಣಾಲಿ ಬುತ್ತಿ ಬಿಟ್ಟು ಮೊಬೈಲ್ ಕೈಗೆತ್ತಿಕೊಂಡಳು. ಕೈ ರೂಢಿಯಂತೆ ಫೋಟೊ ಹಿಗ್ಗಿಸಿ ಬಿರುಕು, ತುಕ್ಕು ಹುಡುಕತೊಡಗಿತು. ಕನ್ನಡಿಯ ಮೇಲೆ ಬಂದು ನಿಂತಿತು. ಅದರೊಳಗಿನ ಪ್ರತಿಬಿಂಬದಲ್ಲಿ ಮೊಬೈಲ್ ಹಿಡಿದವನ ಮೊಣಕೈ, ಅದರ ಹಿಂದೆ ಮಂಚದ ತುದಿ, ಮಂಚದ ಮೇಲೆ ಮುದಿ ಕೈಯೊಂದು. ಆ ಕೈಯ ಮಣಿಕಟ್ಟನ್ನು ಹರಿದ ಸೀರೆಯಂಚಿನಿಂದ ಮಂಚದ ಸರಳಿಗೆ ಬಿಗಿದಿತ್ತು.

ಫೋಟೊ ಉಳಿಸಿಕೊಂಡು, ಅರ್ಧ ದಿನದ ರಜೆ ಬರೆದುಕೊಟ್ಟು ಬಸ್ಸು ಹತ್ತಿದಳು.

ಬಾಗಿಲು ತೆರೆದವನು ಓಂಪ್ರಕಾಶ, ನೀಲಗಂಗವ್ವನ ಮೈದುನನ ಮಗ. ಕೆಳಗಿನ ಅಂತಸ್ತು ಅವನದು. ರವಿವಾರ ಅವನು ಮನೆಯಲ್ಲಿ ಇರುತ್ತಿದ್ದುದೇ ಕಡಿಮೆ, ಪ್ರಣಾಲಿ ಅವನನ್ನು ಒಂದೆರಡು ಸಲ ದೂರದಿಂದ ನೋಡಿದ್ದಳಷ್ಟೆ. ಹಣೆತುಂಬ ವಿಭೂತಿ, ಮೃದು ಮಾತು.

“ದೊಡ್ಡವ್ವ ಗೋಕಾಕಕ್ಕ ಹೋಗ್ಯಾಳರಿ, ತಂಗಿ ಮನೀಗೆ.”

ನೀಲಗಂಗವ್ವನಿಗೆ ತಂಗಿಯೇ ಇರಲಿಲ್ಲ. “ಫೋನ ಹತ್ತವಲ್ದು” ಎಂದಳು ಪ್ರಣಾಲಿ.

“ಫೋನ ಇಲ್ಲೇ ಬಿಟ್ಟ ಹೋಗ್ಯಾಳ. ವಯಸ್ಸಾತಲ್ಲರಿ.”

ಆಗ ಮಾಳಿಗೆಯಲ್ಲಿ ಏನೋ ಲೋಹದ್ದು ಬಿದ್ದು, ನೆಲದ ಮೇಲೆ ಉರುಳಿ ನಿಂತಿತು. ಓಂಪ್ರಕಾಶ ತಲೆಯೆತ್ತಿ ನೋಡಲೇ ಇಲ್ಲ.

“ಬೆಕ್ಕು” ಎಂದ. ಬಾಗಿಲು ಹಾಕುವ ಮೊದಲು ಸಾವಕಾಶವಾಗಿ ಕೇಳಿದ: “ನೀವು ಫೌಂಡ್ರಿಯಿಂದ ಬಿಡೂದು ಐದೂವರಿಗೆ ಅಲ್ಲರಿ? ಇವತ್ತ ಲಗೂನ ಬಿಟ್ರಿ.”

ತಾನು ಎಲ್ಲಿ ದುಡಿಯುತ್ತೇನೆಂದು ಅವಳು ಅವನಿಗೆ ಎಂದೂ ಹೇಳಿರಲಿಲ್ಲ.

ಅವಳು ನೇರ ಪೊಲೀಸ್ ಚೌಕಿಗೆ ನಡೆದಳು. ಮೇಜಿನ ಹಿಂದಿದ್ದವನು ಮರಾಠಿಯಲ್ಲಿ, ನೀವು ಆ ಅಜ್ಜಿಗೆ ಏನಾಗಬೇಕು ಎಂದು ಕೇಳಿದ. ಅವಳು ಮೊಬೈಲ್ ಮುಂದೆ ಹಿಡಿದಳು. ಹರಾಜಿನ ಪುಟ ತೋರಿಸಲು ಹೋದರೆ ಕಪಾಟು ಅಲ್ಲಿರಲಿಲ್ಲ. ಐದು ನಿಮಿಷದ ಹಿಂದೆ ತೆಗೆದುಹಾಕಿದ್ದರು. ಉಳಿಸಿಕೊಂಡಿದ್ದ ಫೋಟೊ ತೆರೆದಳು. ಅವನು ಕಣ್ಣು ಕಿರಿದು ಮಾಡಿ, ಇದು ಕೈಯೋ ಬಟ್ಟೆಯೋ ಎಂದ. ಪಕ್ಕದಲ್ಲಿದ್ದ ಮಹಿಳಾ ಹವಾಲ್ದಾರರು ಮೊಬೈಲ್ ಇಸಿದುಕೊಂಡು ಬಹಳ ಹೊತ್ತು ನೋಡಿದರು. ಟೋಪಿ ಎತ್ತಿಕೊಂಡರು.

ಬಾಗಿಲಲ್ಲಿ ಹವಾಲ್ದಾರರನ್ನು ಕಂಡರೂ ಓಂಪ್ರಕಾಶನ ದನಿ ಏರಲಿಲ್ಲ. “ದೊಡ್ಡವ್ವಗ ಭ್ರಮಾ ಆಗೇದರಿ. ಎದ್ದ ಬೀಳ್ತಾಳಂತ ಕಟ್ಟೇನಿ.” ಗೋಕಾಕದ ಮಾತು ಎತ್ತಲಿಲ್ಲ.

ಮಾಳಿಗೆಯ ಕಿಟಕಿಗೆ ಹೊಸದಾಗಿ ಹಲಗೆ ಹೊಡೆದಿತ್ತು. ಗೋಡೆಯ ಗೂಡುಗಳೆಲ್ಲ ಖಾಲಿ. ಮಂಚದ ಕೆಳಗೆ ಹೆಬ್ಬೆರಳ ಗಾತ್ರದ ಹಿತ್ತಾಳೆಯ ಹಂಡೆ ಬಿದ್ದಿತ್ತು. ಬಿಡಿಯಾಗಿದ್ದ ಒಂದೇ ಕೈಯಿಂದ ಮುದುಕಿ ಅದನ್ನು ನೆಲಕ್ಕೆ ಬೀಳಿಸಿದ್ದಳು. ತುಟಿ ಒಡೆದು ರಕ್ತ ಹೆಪ್ಪುಗಟ್ಟಿತ್ತು. ಪ್ರಣಾಲಿ ಗಂಟು ಬಿಚ್ಚುವಾಗ ಆಕೆ ಕಣ್ಣು ತೆರೆದಳು.

“ನಿನ್ನ ದನಿ ಕೇಳಿತ್ತು. ಹೊಳ್ಳಿ ಹೋದಿ ಅಂದ್ಕೊಂಡಿದ್ದೆ. ನೀರ ಕೊಡು.”

ನೀಲಗಂಗವ್ವ ಸಾಂಗ್ಲಿಯ ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ ಇರಬೇಕಾಯಿತು. ಓಂಪ್ರಕಾಶ ಆಕೆಗೆ ನಿದ್ರೆಯ ಗುಳಿಗೆ ಕೊಡುತ್ತಿದ್ದನೆಂದೂ ಮನೆಯ ಯಾವ್ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡನೆಂದೂ ಆಮೇಲೆ ತಿಳಿಯಿತು. ಕೇಸು ದಾಖಲಾಯಿತು. ತಿಂಗಳೊಳಗೆ ಓಂಪ್ರಕಾಶ ಜಾಮೀನಿನ ಮೇಲೆ ಹೊರಬಂದು ಅದೇ ಕೆಳಗಿನ ಅಂತಸ್ತಿಗೆ ಮರಳಿದ. ಅದು ಅವನ ಅಪ್ಪನ ಪಾಲು. ಕೇಸು ಮುಗಿಯುವತನಕ ಎಬ್ಬಿಸುವುದು ಕಷ್ಟ ಎಂದರು ವಕೀಲರು.

“ನಮ್ಮ ಮನ್ಯಾಗ ಇರ್ರಿ” ಎಂದು ಸೋನಾಬಾಯಿ ತಾನೇ ಹೋಗಿ ಕರೆದಳು. ನೀಲಗಂಗವ್ವ ಒಪ್ಪಲಿಲ್ಲ. “ನಾ ಹೊರಗ ಕಾಲಿಟ್ಟರ ಅವಗ ಅಷ್ಟ ಸಾಕು” ಎಂದಳು.

ಪ್ರಣಾಲಿ ಮಾಳಿಗೆಯ ಬಾಗಿಲಿಗೆ ಒಳಗಿನಿಂದ ದಪ್ಪ ಚಿಲಕ ಹಾಕಿಸಿಕೊಟ್ಟಳು. ಈಗ ರವಿವಾರವಷ್ಟೇ ಅಲ್ಲ, ಮುಂಚೆ ಹೇಳದೆ ನಡುವಿನ ದಿನಗಳಲ್ಲೂ ಹೋಗುತ್ತಾಳೆ. ಮಾಳಿಗೆಗೆ ಬೇರೆ ದಾರಿಯಿಲ್ಲ. ಅವನ ಪಡಸಾಲೆಯನ್ನು ಹಾದೇ ಮೆಟ್ಟಿಲು ಹತ್ತಬೇಕು.

ಕಳೆದ ಬುಧವಾರ ಹೋದಾಗ ಅವನು ಬಾಗಿಲಲ್ಲೇ ನಿಂತಿದ್ದ, ಅವಳು ಬರುವುದು ಗೊತ್ತಿದ್ದವನ ಹಾಗೆ.

“ಬರ್ರಿ, ಬರ್ರಿ. ದೊಡ್ಡವ್ವ ಮುಂಜಾನಿಂದ ಮಲಗ್ಯಾಳ. ಎಬ್ಬಸಬ್ಯಾಡ್ರಿ.”

ಪ್ರಣಾಲಿ ಮೆಟ್ಟಿಲು ಹತ್ತಿದಳು. ಬಾಗಿಲು ತಟ್ಟಿದಳು. ಇನ್ನೊಮ್ಮೆ ತಟ್ಟಿದಳು. ಒಳಗೆ ಚಿಲಕ ಸರಿಯುವ ಸದ್ದು ಬರುವವರೆಗೂ ಬಾಗಿಲಿಗೆ ಕಿವಿಗೊಟ್ಟು ನಿಂತಳು. ಒಳಗೆ ಕಾಲಿಡುತ್ತ ಹಿಂತಿರುಗಿ ನೋಡಿದಳು. ಓಂಪ್ರಕಾಶ ಎರಡು ಮೆಟ್ಟಿಲು ಹತ್ತಿ ನಿಂತು, ತೆರೆದ ಬಾಗಿಲ ಒಳಬದಿಯ ಹೊಸ ಚಿಲಕವನ್ನೇ ನೋಡುತ್ತಿದ್ದ.